ನಲವತ್ತೈದರ ನಂತರದ ತಟ್ಟೆ: ಕಾಳು ಹೆಚ್ಚಿಸುವುದು, ಮಾತ್ರೆ ಹೊಂದಿಸುವುದು ಹೇಗೆ?

ಮುಟ್ಟು ಏರುಪೇರಾಗತೊಡಗಿದ ಮೇಲೆ ‘ಇನ್ನು ಊಟ ಸರಿ ಮಾಡ್ಕೋಬೇಕು’ ಎಂದು ಹೊರಟವರಲ್ಲಿ ಬಹಳ ಜನ ಒಂದು ವಾರ ದಾಟುವುದಿಲ್ಲ. ಸೋಮವಾರ ಅನ್ನ ಬಿಟ್ಟು ನವಣೆ. ಮಂಗಳವಾರ ಬಟ್ಟಲು ತುಂಬ ಹಸಿ ಮೊಳಕೆ ಕಾಳು. ಬುಧವಾರ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಅಗಸೆ ಬೀಜದ ನೀರು. ಗುರುವಾರ ಹೊಟ್ಟೆ ತಮಟೆಯಾಗಿರುತ್ತದೆ. ಶುಕ್ರವಾರ ‘ನನಗೆ ಕಾಳು ಒಗ್ಗಲ್ಲ’ ಎಂಬ ತೀರ್ಮಾನವಾಗಿ, ಶನಿವಾರ ಬೆಳಿಗ್ಗೆ ಮತ್ತೆ ಮಂಡಕ್ಕಿ ಒಗ್ಗರಣೆ. ಪಾಪ, ಕಾಳಿಗೆ ಕೆಟ್ಟ ಹೆಸರು ಬಂದಿದ್ದಷ್ಟೇ ಲಾಭ.

ಮೊದಲು ಒಳಗೆ ಏನಾಗುತ್ತಿದೆ ಎಂದು ಎರಡು ಮಾತು. ನಮ್ಮಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಅದಕ್ಕೆ ನಾಲ್ಕೈದು ವರ್ಷ ಮೊದಲೇ ಅಂಡಾಶಯದ ಕೆಲಸ ತಾಳ ತಪ್ಪುತ್ತದೆ. ಅಲ್ಲಿ ಹುಟ್ಟುವ ಎರಡು ಮುಖ್ಯ ಹಾರ್ಮೋನುಗಳಲ್ಲಿ ಪ್ರೊಜೆಸ್ಟರಾನ್ ಮೊದಲು ಕಡಿಮೆಯಾಗುತ್ತದೆ. ಈಸ್ಟ್ರೋಜನ್ ಒಂದೇ ಸಮ ಇಳಿಯುವುದಿಲ್ಲ, ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಕುಸಿಯುತ್ತದೆ. ಇದ್ದಕ್ಕಿದ್ದಂತೆ ಮುಖ, ಕುತ್ತಿಗೆಗೆ ಝಳ ಹತ್ತುವುದು, ಅರ್ಧರಾತ್ರಿ ಬೆವರಿ ಎಚ್ಚರವಾಗುವುದು, ಸುಮ್ಮಸುಮ್ಮನೆ ಸಿಡುಕು, ಎಲ್ಲದರ ಹಿಂದೆಯೂ ಈ ಏರಿಳಿತವಿದೆ. ಕರುಳಿಗೂ ಇದಕ್ಕೂ ನಂಟು ಇದೆ. ಬಳಸಿ ಮುಗಿದ ಈಸ್ಟ್ರೋಜನನ್ನು ಯಕೃತ್ತು ಕಟ್ಟಿ ಪಿತ್ತರಸದ ಜೊತೆ ಕರುಳಿಗೆ ತಳ್ಳುತ್ತದೆ; ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಆ ಕಟ್ಟು ಬಿಚ್ಚಿ, ಒಂದಷ್ಟನ್ನು ಮತ್ತೆ ರಕ್ತಕ್ಕೆ ಬಿಡುತ್ತವೆ. ಇಷ್ಟನ್ನೇ ಹಿಡಿದುಕೊಂಡು ‘ಹಾರ್ಮೋನ್ ಬ್ಯಾಲೆನ್ಸ್’ ಪುಡಿ ಮಾರುವವರು ಬೀದಿಗೊಬ್ಬರಾಗಿದ್ದಾರೆ. ಇಳಿಯುವ ಹಾರ್ಮೋನನ್ನು ಯಾವ ಪುಡಿಯೂ ಎತ್ತಿ ನಿಲ್ಲಿಸದು. ಊಟದಿಂದ ಆಗುವ ಕೆಲಸ ಬೇರೆ: ಮೂಳೆ, ಮಾಂಸಖಂಡ, ಮಲವಿಸರ್ಜನೆ, ಸೊಂಟದ ಸುತ್ತಳತೆ. ಕೆಲಸ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಅಡುಗೆಮನೆ ಗೋಡೆಯ ಕ್ಯಾಲೆಂಡರೇ ಸಾಕು, ಆ್ಯಪ್ ಬೇಡ. ಮುಟ್ಟಿನ ದಿನ, ಝಳ ಬಂದ ರಾತ್ರಿ, ಹೊಟ್ಟೆ ಉಬ್ಬಿದ ದಿನ, ಮೂರಕ್ಕೆ ಮೂರು ಬೇರೆ ಗುರುತು. ಸತತ ಹನ್ನೆರಡು ತಿಂಗಳು ಮುಟ್ಟು ಬಾರದಿದ್ದರೆ ಮಾತ್ರ ‘ನಿಂತಿತು’ ಎನ್ನಬೇಕು. ಹತ್ತನೇ ತಿಂಗಳಿಗೆ ಬಂದರೆ ಎಣಿಕೆ ಮತ್ತೆ ಒಂದರಿಂದ. ಗರ್ಭಕೋಶ ತೆಗೆಸಿದವರಿಗೆ ಈ ಲೆಕ್ಕ ನಡೆಯದು. ಅಂಡಾಶಯ ಉಳಿಸಿದ್ದಾರೋ ಅದನ್ನೂ ತೆಗೆದಿದ್ದಾರೋ ಎಂದು ಆಪರೇಷನ್ ಚೀಟಿಯಲ್ಲಿ ನೋಡಿಸಿಕೊಳ್ಳಿ. ಎರಡೂ ಅಂಡಾಶಯ ತೆಗೆದಿದ್ದರೆ ಮುಟ್ಟು ನಿಲ್ಲುವ ತೊಂದರೆಗಳು ಅಂದಿನಿಂದಲೇ ಶುರು.

ಹೆಜ್ಜೆ 2: ಬೆಳಗಿನ ತಿಂಡಿಗೆ ಪ್ರೋಟೀನ್ ಸೇರಿಸಿ

60 ಕೆ.ಜಿ. ತೂಕದವರಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಪ್ರೋಟೀನ್ ಬೇಕು. ಈ ವಯಸ್ಸಿನಲ್ಲಿ ಮಾಂಸಖಂಡ ಕರಗುವುದರಿಂದ 60 ಗ್ರಾಂ ಇದ್ದರೆ ಒಳ್ಳೆಯದು. ಒಂದು ತಟ್ಟೆ ಮಂಡಕ್ಕಿ ಒಗ್ಗರಣೆಯಲ್ಲಿ ಮಂಡಕ್ಕಿಯಿಂದ ಸಿಗುವುದು ಹೆಚ್ಚೆಂದರೆ ಮೂರು ಗ್ರಾಂ. ಮಂಡಕ್ಕಿ ಬಿಡಿ ಎಂದು ದಾವಣಗೆರೆಯಲ್ಲಿ ಹೇಳಿ ಪ್ರಯೋಜನವಿಲ್ಲ, ಹೇಳುವುದೂ ಇಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಹುರಿದ ಶೇಂಗಾ ಸೇರಿಸಿ, ಏಳು ಗ್ರಾಂ ಬಂತು. ಶೇಂಗಾಕ್ಕೆ ನಮ್ಮ ಚಳ್ಳಕೆರೆ ಸೀಮೆ ಇರುವಾಗ ಬಾದಾಮಿಗೆ ದುಡ್ಡು ಸುರಿಯುವುದು ಯಾಕೆ? ಜೊತೆಗೊಂದು ಮೊಟ್ಟೆ ಆರು ಗ್ರಾಂ, ಒಂದು ಲೋಟ ಹಾಲು ಆರೇಳು ಗ್ರಾಂ. ಬೆಣ್ಣೆ ದೋಸೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಇನ್ನೊಂದು: ಮನೆಯಲ್ಲಿ ಎಲ್ಲರಿಗೂ ಸಾರಿನ ತಳದ ಗಟ್ಟಿ ಬೇಳೆ ಬಡಿಸಿ, ಕೊನೆಗೆ ಕೂತು ಮೇಲಿನ ತಿಳಿ ಉಣ್ಣುವವಳು ಯಾರೆಂದು ಎಲ್ಲರಿಗೂ ಗೊತ್ತು. ಸೌಟನ್ನು ಮೊದಲು ತಳಕ್ಕಿಳಿಸಿ ನಿಮ್ಮ ಬಟ್ಟಲಿಗೆ ಹಾಕಿಕೊಳ್ಳಿ.

ಹೆಜ್ಜೆ 3: ಕಾಳು, ನಾರು. ಎಡವುವುದು ಇಲ್ಲೇ

ದಿನಕ್ಕೆ ಸುಮಾರು 30 ಗ್ರಾಂ ನಾರು ಗುರಿ. ಬರೀ ಅನ್ನ, ತಿಳಿಸಾರಿನಲ್ಲಿ ದಿನ ಕಳೆಯುವವರಿಗೆ ಅದರ ಅರ್ಧವೂ ಸಿಗುವುದು ಕಷ್ಟ. ನಾವು ಅರಗಿಸಿಕೊಳ್ಳಲಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ ತಿನ್ನುತ್ತವೆ. ಆಗ ಹುಟ್ಟುವ ಆಮ್ಲಗಳು ಕರುಳಿನ ಒಳಪದರಕ್ಕೆ ಆಹಾರ, ಜೊತೆಗೆ ಹುಟ್ಟುವ ಗಾಳಿ ನಮ್ಮ ಗೋಳು. ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ಹೆಚ್ಚಲು ಕೆಲವು ವಾರ ಬೇಕು. ಹತ್ತು ಗ್ರಾಂನಿಂದ ಒಂದೇ ದಿನಕ್ಕೆ ಮೂವತ್ತಕ್ಕೆ ಹಾರಿದರೆ ಹೊಟ್ಟೆ ಉಬ್ಬದೆ ಇನ್ನೇನು?

ಮೊದಲ ವಾರ ಹೆಸರುಕಾಳು ಮಾತ್ರ. ರಾತ್ರಿ ನೆನೆಹಾಕಿ, 8ರಿಂದ 10 ಗಂಟೆ. ಬೆಳಿಗ್ಗೆ ನೆನೆದ ನೀರು ಪೂರ್ತಿ ಚೆಲ್ಲಿ, ಎರಡು ಸಲ ತೊಳೆಯಿರಿ. ಗಾಳಿ ಮಾಡುವ ಸಕ್ಕರೆಯ ಒಂದು ಪಾಲು ಆ ನೀರಿನಲ್ಲಿ ಹೋಗುತ್ತದೆ. ‘ಸತ್ವ ಹೋಗುತ್ತೆ’ ಎಂದು ಅದರಲ್ಲೇ ಬೇಯಿಸುವವರಿಗೆ ಸತ್ವದ ಜೊತೆ ಸಂಕಟವೂ ಉಳಿಯುತ್ತದೆ. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಏಪ್ರಿಲ್–ಮೇ ಬಿಸಿಲಿನಲ್ಲಿ ಹನ್ನೆರಡು ಗಂಟೆಯೊಳಗೆ ಮೊಳಕೆ ಬರುತ್ತದೆ; ಅದಕ್ಕಿಂತ ಬಿಟ್ಟರೆ ಹುಳಿ ವಾಸನೆ, ಕೈಗೆ ಲೋಳೆ. ಅಂಥದ್ದನ್ನು ಎಸೆಯಿರಿ. ಹಸಿ ಮೊಳಕೆ ತಿನ್ನಲೇಬೇಡಿ. ಬೆಚ್ಚಗೆ, ಒದ್ದೆಯಾಗಿದ್ದ ಕಾಳಿನಲ್ಲಿ ಬೇಡದ ಬ್ಯಾಕ್ಟೀರಿಯಾ ಕೂಡ ಮೊಳಕೆಯಷ್ಟೇ ಚೆನ್ನಾಗಿ ಬೆಳೆಯುತ್ತವೆ. ಕುಕ್ಕರಿನಲ್ಲಿ ಒಂದು ಸೀಟಿ ಹಾಕಿಸಿ, ಜೀರಿಗೆ, ಇಂಗಿನ ಒಗ್ಗರಣೆ ಕೊಡಿ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಚಾಳಿ ಇದ್ದರೆ ಬಿಡಿ: ಬಿ1 ಜೀವಸತ್ವ ಹಾಳು, ಸೋಡಿಯಂ ಹೆಚ್ಚು.

ಅಳತೆ: ಮಧ್ಯಾಹ್ನದ ಊಟಕ್ಕೆ, ಬೆಂದ ಕಾಳು ಎರಡು ದೊಡ್ಡ ಚಮಚ. ಅಷ್ಟೇ. ‘ಇಷ್ಟರಲ್ಲಿ ಏನಾಗುತ್ತೆ’ ಅನ್ನಿಸುತ್ತದೆ, ಅನ್ನಿಸಲಿ. ರಾತ್ರಿ ಬೇಡ.

ಎರಡನೇ ವಾರ ನಾಲ್ಕು ಚಮಚ. ಮೂರನೇ ವಾರ ಕಾಳು ಅಷ್ಟಕ್ಕೇ ನಿಲ್ಲಿಸಿ, ಒಂದು ಹೊತ್ತಿನ ಅನ್ನದ ಜಾಗಕ್ಕೆ ಮುದ್ದೆ ಅಥವಾ ಜೋಳದ ರೊಟ್ಟಿ ತನ್ನಿ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲೇ ಒಂಬತ್ತು ಗ್ರಾಂ ನಾರು ಇದೆ. ನಾಲ್ಕನೇ ವಾರ ಒಂದು ಬಟ್ಟಲು ಸೊಪ್ಪು ಇಲ್ಲವೇ ತರಕಾರಿ ಪಲ್ಯ, ಅದರ ಮುಂದಿನ ವಾರ ಒಂದು ಪೇರಲ ಹಣ್ಣು. ಆಮೇಲೆ ಅಲಸಂದೆ, ಮಡಕೆ ಕಾಳು. ಕಡಲೆ, ಹುರುಳಿ ಎಲ್ಲಕ್ಕಿಂತ ಕೊನೆಗೆ, ಅವೂ ಚೆನ್ನಾಗಿ ಬೆಂದಿರಬೇಕು. ಬೆರಳ ನಡುವೆ ಹಿಸುಕಿದರೆ ಬೆಣ್ಣೆಯಂತೆ ಆಗಬೇಕು, ನಡುವೆ ಗಟ್ಟಿ ಸಿಕ್ಕರೆ ಮತ್ತೆ ಎರಡು ಸೀಟಿ.

ವಾರಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಮುರಿಯಬೇಡಿ. ಮುರಿದರೆ ಉಬ್ಬಿದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಉಬ್ಬಿದರೆ ಪೂರ್ತಿ ನಿಲ್ಲಿಸದೆ ಹಿಂದಿನ ವಾರದ ಅಳತೆಗೆ ಇಳಿದು, ನಾಲ್ಕೈದು ದಿನ ಅಲ್ಲೇ ಇದ್ದು ಮತ್ತೆ ಹತ್ತಿ. ಎಷ್ಟೋ ಸಲ ಕಳ್ಳ ಕಾಳಲ್ಲ, ಅದರ ಮೇಲೆ ಉದುರಿಸಿದ ಹಸಿ ಈರುಳ್ಳಿ. ಒಂದು ವಾರ ಅದನ್ನು ಬಿಟ್ಟು ನೋಡಿ. ನೀರು ಕುಡಿಯದೆ ನಾರು ತಿಂದರೆ ಮಲ ಕಲ್ಲಾಗುತ್ತದೆ, ದಿನಕ್ಕೆ ಎಂಟು ಲೋಟವಾದರೂ ಇರಲಿ. ಇಸಬಗೋಲ್ ತೆಗೆದುಕೊಳ್ಳುವವರಿಗೂ ಇದೇ ಮಾತು: ಒಂದು ಚಮಚಕ್ಕೆ ತುಂಬಿದ ಒಂದು ಲೋಟ ನೀರು.

ಸಿರಿಧಾನ್ಯ ಕೊಳ್ಳುವಾಗ ಬಣ್ಣ ನೋಡಿ. ನುಣ್ಣಗೆ ಮಿರುಗುವ ತಿಳಿಹಳದಿ ನವಣೆಗೆ ಪಾಲಿಶ್ ಆಗಿದೆ, ನಾರಿನ ದೊಡ್ಡ ಪಾಲು ಗಿರಣಿಯಲ್ಲೇ ಉಳಿದಿದೆ. ರಾಗಿ ಹಿಟ್ಟನ್ನು ವಸ್ತ್ರಗಾಳಿ ಹಿಡಿದು ತೌಡು ಎಸೆಯುವವರು ನಾರಿನ ಜೊತೆ ಕ್ಯಾಲ್ಸಿಯಮ್ಮನ್ನೂ ಎಸೆಯುತ್ತಾರೆ. ಅಗಸೆ ಇಡೀ ಬೀಜ ನುಂಗಿದರೆ ಹಾಗೇ ಹೊರಬರುತ್ತದೆ; ಹುರಿದು ಕುಟ್ಟಿದ ಅಗಸೆ ಚಟ್ನಿ ಪುಡಿ ಊಟಕ್ಕೆ ಒಂದು ಚಮಚ ಸಾಕು. ಝಳ ನಿಲ್ಲುತ್ತದೆಂಬ ಆಸೆಯಿಂದ ಬೇಡ, ರುಚಿಗೂ ನಾರಿಗೂ ತಿನ್ನಿ. ‘ಡಿಟಾಕ್ಸ್ ಟೀ’ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಸೋನಾಮುಖಿ ಎಂದಿದ್ದರೆ ಅದು ಬರೀ ಭೇದಿ ಮದ್ದು.

ಹೆಜ್ಜೆ 4: ಮೊಸರು ಮನೆಯದ್ದೇ ಇರಲಿ

ಉಗುರುಬೆಚ್ಚಗಿನ ಹಾಲು, ಲೀಟರಿಗೆ ಒಂದು ಚಮಚ ಹೆಪ್ಪು. ಬೇಸಿಗೆಯಲ್ಲಿ ಐದಾರು ಗಂಟೆ. ಹಾಲು ಕುಡಿದರೆ ಹೊಟ್ಟೆ ಗುಡುಗುಟ್ಟುವವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಕ್ಯಾಲ್ಸಿಯಂ ಉಳಿಯುತ್ತದೆ. ಪುಟ್ಟ ಬಾಟಲಿಯ ಸಿಹಿ ಪ್ರೊಬಯಾಟಿಕ್ ಪಾನೀಯ ಕೊಳ್ಳುವ ಮುನ್ನ ಹಿಂಬದಿಯ ಸಕ್ಕರೆ ಲೆಕ್ಕ ಓದಿ. ಓದಿದ ಮೇಲೆ ಕೊಳ್ಳುವ ಮನಸ್ಸಿರುವುದಿಲ್ಲ.

ಹೆಜ್ಜೆ 5: ಕ್ಯಾಲ್ಸಿಯಂ ಮತ್ತು ಮಾತ್ರೆಗಳ ಹೊತ್ತು

ಮುಟ್ಟು ನಿಂತ ಮೊದಲ ಐದಾರು ವರ್ಷ ಮೂಳೆ ಸವೆತದ ವೇಗ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿಯಲ್ಲಿ ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಎಂದಿದೆ. ಒಂದು ಮುದ್ದೆಗೆ ಸುಮಾರು 290, ಹಾಲು–ಮೊಸರು ಸೇರಿ ಎರಡು ಲೋಟಕ್ಕೆ 480, ಸಿಪ್ಪೆ ಸಹಿತ ಎಳ್ಳಿನ ಪುಡಿ 10 ಗ್ರಾಂಗೆ 120, ಒಂದು ಹಿಡಿ ನುಗ್ಗೆ ಸೊಪ್ಪಿಗೆ 150. ಸಾವಿರ ದಾಟಿತು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಮ್ಮನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದ ರಾಗಿ ಹಿಟ್ಟಿನಲ್ಲಿ ಆ ತೊಂದರೆ ಕಡಿಮೆ.

ಡಾಕ್ಟರು ಮಾತ್ರೆಯನ್ನೂ ಬರೆದಿದ್ದರೆ ಹೊತ್ತು ಮುಖ್ಯ. ಬಹಳ ಮನೆಗಳಲ್ಲಿ ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ ಮೂರನ್ನೂ ಒಂದೇ ಅಂಗೈಗೆ ಹಾಕಿಕೊಂಡು ಬೆಳಗಿನ ಚಹಾದ ಜೊತೆ ನುಂಗುವುದಿದೆ. ಹೀಗೆ ಮಾಡಿದರೆ ಒಂದು ಇನ್ನೊಂದನ್ನು ಹಿಡಿದುಕೊಂಡು, ಮೂರೂ ಅರೆಬರೆ ಒಳಗೆ ಹೋಗುತ್ತವೆ. ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ) ಇಳಿಯದೆ ಥೈರಾಯ್ಡ್ ಡೋಸ್ ಸುಮ್ಮನೆ ಏರುತ್ತದೆ. ಸರಿಯಾದ ಕ್ರಮ ಇದು. ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ. ಅರ್ಧದಿಂದ ಒಂದು ಗಂಟೆ ಚಹಾ, ಕಾಫಿ, ತಿಂಡಿ ಯಾವುದೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಅದರಿಂದ ನಾಲ್ಕು ಗಂಟೆ ದೂರ. ಕ್ಯಾಲ್ಸಿಯಂ ಕಾರ್ಬೊನೇಟ್ ಮಧ್ಯಾಹ್ನದ ಊಟದ ಜೊತೆ. ಕಬ್ಬಿಣದ ಮಾತ್ರೆ ಸಂಜೆ, ನಿಂಬೆಹಣ್ಣಿನ ನೀರಿನಲ್ಲಿ. ಚಹಾ ಅದಕ್ಕೆ ಎರಡು ಗಂಟೆ ಆಚೆ. ಡಬ್ಬಿಯಲ್ಲಿ 1250 ಎಂದು ದೊಡ್ಡದಾಗಿ ಬರೆದಿದ್ದರೆ ಬೆಚ್ಚಬೇಡಿ, 1250 ಮಿ.ಗ್ರಾಂ ಕಾರ್ಬೊನೇಟಿನಲ್ಲಿ ಇರುವ ಕ್ಯಾಲ್ಸಿಯಂ 500 ಮಿ.ಗ್ರಾಂ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ದೇಹ ಸರಿಯಾಗಿ ಹೀರಿಕೊಳ್ಳದು.

60,000 ಯೂನಿಟ್‌ನ ವಿಟಮಿನ್ ಡಿ ಪೊಟ್ಟಣ ವಾರಕ್ಕೊಂದು, ಅದೂ ಬರೆದಷ್ಟು ವಾರ ಮಾತ್ರ. ದಿನಕ್ಕೊಂದು ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿಯಿಂದ ಹಿಡಿದು ಕಿಡ್ನಿ ತೊಂದರೆಯವರೆಗೆ ಹೋಗಬಹುದು. ವರ್ಷಗಟ್ಟಲೆ ಬೆಳಿಗ್ಗೆ ಎದ್ದು ‘ಗ್ಯಾಸ್ ಮಾತ್ರೆ’ ನುಂಗುವವರು ಡಾಕ್ಟರಿಗೆ ತಪ್ಪದೆ ಹೇಳಬೇಕು. ಹೊಟ್ಟೆಯ ಆಮ್ಲ ಕಡಿಮೆಯಾದರೆ ಬಿ12 ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಎರಡರ ಹೀರಿಕೆಯೂ ತಗ್ಗುತ್ತದೆ.

ಹೆಜ್ಜೆ 6: ಕುಡಿಯುವ ನೀರು ಯಾವುದು, ನೋಡಿ

ಜಗಳೂರು ಕಡೆ, ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಕಾಟವಿದೆ. ಲೀಟರಿಗೆ 1.5 ಮಿ.ಗ್ರಾಂ ಮಿತಿಯನ್ನು ಬಹಳ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯಬಹುದು, ಬೆನ್ನು ಬಾಗಬಹುದು. ಮುಟ್ಟು ನಿಂತದ್ದಕ್ಕೆ ಮಂಡಿನೋವು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಕುಡಿಯಲಷ್ಟೇ ಶುದ್ಧ ನೀರಿನ ಘಟಕದ ಕ್ಯಾನ್ ತಂದು, ಮುದ್ದೆಯ ಎಸರಿಗೆ, ಸಾರಿಗೆ ಬೋರ್ ನೀರನ್ನೇ ಹಾಕಿದರೆ ಅರ್ಧ ಕೆಲಸ ಮಾಡಿದಂತೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ.

ಹೆಜ್ಜೆ 7: ದಿನಾ ಅರ್ಧ ಗಂಟೆ ಬಿರುಸು ನಡಿಗೆ, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ, ಎರಡು ಲೀಟರ್ ನೀರಿನ ಬಾಟಲಿಯಾದರೂ ಸರಿ.

ರಾತ್ರಿ ಝಳಕ್ಕೆ ಸಂಜೆಯ ಮಿರ್ಚಿ, ಸುಡುವ ಚಹಾ ಕಿಡಿ ಹಚ್ಚುವುದುಂಟು. ಹತ್ತು ದಿನ ಬಿಟ್ಟು ಕ್ಯಾಲೆಂಡರ್ ನೋಡಿ. ಆಗಲೂ ನಿದ್ದೆ ಇಲ್ಲವೆಂದರೆ ಸಹಿಸಿಕೊಂಡು ಕೂರಬೇಡಿ. ಝಳಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆಯೇ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಸಾಮಾನ್ಯವಾಗಿ ಆಗದು, ಉಳಿದವರು ಸ್ತ್ರೀರೋಗ ತಜ್ಞರ ಬಳಿ ಕೇಳಬಹುದು.

ಊಟದ ಪ್ರಯೋಗ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ? ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋದರೆ. ಕಾಳು ಮುಟ್ಟದಿದ್ದರೂ ಎರಡು ಮೂರು ವಾರ ಹೊಟ್ಟೆ ಉಬ್ಬಿಯೇ ಇದ್ದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ. ಇದನ್ನು ಗ್ಯಾಸ್ ಎಂದು ತಳ್ಳಬಾರದು, ಅಂಡಾಶಯದ ಸ್ಕ್ಯಾನ್ ಆಗಬೇಕು. ಹೋಗುವಾಗ ಕ್ಯಾಲೆಂಡರಿನ ಆ ಹಾಳೆಗಳನ್ನು ಹರಿದುಕೊಂಡು, ನುಂಗುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನು, ಪುಡಿ ಡಬ್ಬಿಗಳನ್ನೂ ಸೇರಿಸಿ, ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ.