ವಿದೇಶದಲ್ಲಿ ಕಲೆಯ ಸ್ನಾತಕೋತ್ತರ ವ್ಯಾಸಂಗ: ವಿದ್ಯಾರ್ಥಿವೇತನವನ್ನು ಎಲ್ಲಿ, ಹೇಗೆ ಹುಡುಕಬೇಕು

ಚಿತ್ರಕಲೆ, ಶಿಲ್ಪ, ಮುದ್ರಣಕಲೆ, ಛಾಯಾಗ್ರಹಣ, ಚಲನಚಿತ್ರ, ನೃತ್ಯ ಅಥವಾ ಸಂಗೀತದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ವಿದೇಶಕ್ಕೆ ಹೋಗಬೇಕೆನ್ನುವವರು ಸಾಮಾನ್ಯವಾಗಿ ‘ಕಲಾ ವಿದ್ಯಾರ್ಥಿವೇತನ’ ಎಂಬ ಹೆಸರಿನ ಪಟ್ಟಿಗಳಿಂದ ಹುಡುಕಾಟ ಆರಂಭಿಸುತ್ತಾರೆ. ಆ ಪಟ್ಟಿಗಳಲ್ಲಿ ಸಿಗುವುದು ಹೆಚ್ಚಾಗಿ ಸಣ್ಣ ಮೊತ್ತದ ಬಹುಮಾನಗಳು, ಅವಧಿ ಮುಗಿದ ಪ್ರಕಟಣೆಗಳು, ಒಂದೇ ದೇಶದ ಪ್ರಜೆಗಳಿಗೆ ಮೀಸಲಾದ ನಿಧಿಗಳು. ಓದಿನ ಪೂರ್ಣ ವೆಚ್ಚವನ್ನು ಹೊರಬಲ್ಲ ಹಣ ಬಹುಪಾಲು ಬೇರೆ ಕಡೆ ಇರುತ್ತದೆ: ಬೋಧನಾ ಶುಲ್ಕವನ್ನೇ ಕೇಳದ ಶಾಲೆಗಳಲ್ಲಿ, ತಾವು ಸೇರಿಸಿಕೊಂಡ ಎಲ್ಲರ ವೆಚ್ಚವನ್ನೂ ತಾವೇ ಭರಿಸುವ ವಿಭಾಗಗಳಲ್ಲಿ, ಮತ್ತು ಯಾವ ವಿಷಯದ ವಿದ್ಯಾರ್ಥಿಯಾದರೂ ಅರ್ಜಿ ಹಾಕಬಹುದಾದ ಸರ್ಕಾರಿ ಯೋಜನೆಗಳಲ್ಲಿ. ಇವುಗಳ ಹೆಸರಿನಲ್ಲಿ ‘ಕಲೆ’ ಎಂಬ ಪದ ಇರುವುದು ಅಪರೂಪವಾದ್ದರಿಂದ ಹುಡುಕುವವರ ಕಣ್ಣಿಗೆ ಅವು ಬೀಳುವುದಿಲ್ಲ. ಆದ್ದರಿಂದ ಹುಡುಕಾಟದ ಕ್ರಮವನ್ನೇ ಬದಲಿಸಿಕೊಳ್ಳಬೇಕು: ಮೊದಲು ಶುಲ್ಕ, ಆಮೇಲೆ ಶಾಲೆಯ ಸ್ವಂತ ನೆರವು, ನಂತರ ಸರ್ಕಾರಿ ಯೋಜನೆ, ಕೊನೆಯಲ್ಲಿ ಖಾಸಗಿ ಪ್ರತಿಷ್ಠಾನಗಳು.

ಮೊದಲು ಶುಲ್ಕದ ಲೆಕ್ಕ

ವೇತನದ ಮೊತ್ತ ಎಷ್ಟು ಎಂಬುದಕ್ಕಿಂತ, ಅದು ಕೈಸೇರಿದ ಮೇಲೂ ನಾವೇ ಭರಿಸಬೇಕಾಗಿ ಉಳಿಯುವ ಮೊತ್ತ ಎಷ್ಟು ಎಂಬುದೇ ಮುಖ್ಯ. ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಶುಲ್ಕವಿರುವ ಖಾಸಗಿ ಕಲಾ ಕಾಲೇಜು ಪ್ರತಿಭಾ ವೇತನದ ಹೆಸರಿನಲ್ಲಿ ಅರ್ಧ ಶುಲ್ಕವನ್ನು ಬಿಟ್ಟುಕೊಟ್ಟರೂ, ಉಳಿದ ಅರ್ಧಕ್ಕೆ ವಸತಿ, ಊಟ ಮತ್ತು ಸಾಮಗ್ರಿಗಳ ಖರ್ಚು ಸೇರಿದಾಗ, ವೇತನವನ್ನೂ ಕೊಡದ, ಶುಲ್ಕವನ್ನೂ ಕೇಳದ ಶಾಲೆಗಿಂತ ಅದು ಎಷ್ಟೋ ದುಬಾರಿಯಾಗುತ್ತದೆ. ನೆದರ್ಲೆಂಡ್ಸ್‌ನ ಎನ್‌ಎಲ್ ಸ್ಕಾಲರ್‌ಶಿಪ್ ಇದಕ್ಕೆ ಒಳ್ಳೆಯ ಉದಾಹರಣೆ. ಯುರೋಪಿನ ಆರ್ಥಿಕ ವಲಯದ ಹೊರಗಿನವರಿಗೆ ಮೊದಲ ವರ್ಷದಲ್ಲಿ ಒಮ್ಮೆ ಸಿಗುವ 5000 ಯೂರೋ ಸಹಾಯಕವೇ ಹೌದು, ಆದರೆ ಹೊರಗಿನವರಿಗೆ ಅಲ್ಲಿ ವಿಧಿಸುವ ಶುಲ್ಕಕ್ಕೆ ಅದು ಸಾಲುವುದಿಲ್ಲ.

ಜರ್ಮನಿಯ ಬಹುತೇಕ ಸರ್ಕಾರಿ ಕಲಾ ಅಕಾಡೆಮಿಗಳು ವಿದೇಶಿ ವಿದ್ಯಾರ್ಥಿಗಳಿಂದಲೂ ಬೋಧನಾ ಶುಲ್ಕ ಪಡೆಯುವುದಿಲ್ಲ. ಪ್ರತಿ ಸೆಮಿಸ್ಟರಿಗೆ ಒಂದು ಸಣ್ಣ ವಂತಿಗೆ ಮಾತ್ರ ಇರುತ್ತದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಇದಕ್ಕೆ ಅಪವಾದ. ಅಲ್ಲಿ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1500 ಯೂರೋ ಕೊಡಬೇಕು. ಜರ್ಮನ್ ಅಕಾಡೆಮಿಗಳ ವ್ಯವಸ್ಥೆಯೂ ಬೇರೆ ಬಗೆಯದು. ವಿದ್ಯಾರ್ಥಿಯು ಒಬ್ಬ ಪ್ರಾಧ್ಯಾಪಕರ ‘ಕ್ಲಾಸೆ’ಗೆ ಸೇರಿ ವರ್ಷಗಟ್ಟಲೆ ಅವರ ಸುತ್ತಲೇ ಕೆಲಸ ಮಾಡುತ್ತಾನೆ. ಹಾಗಾಗಿ ಯಾವ ನಗರ, ಯಾವ ಶಾಲೆ ಎಂಬುದಕ್ಕಿಂತ ಯಾರ ತರಗತಿ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಅರ್ಜಿಗೆ ಮುಂಚೆಯೇ ಆ ಪ್ರಾಧ್ಯಾಪಕರಿಗೆ ತಮ್ಮ ಕೃತಿಗಳನ್ನು ತೋರಿಸಿ ಅಭಿಪ್ರಾಯ ಕೇಳುವುದು ಅಲ್ಲಿ ಸಹಜವಾದ ನಡವಳಿಕೆ. ಅಲ್ಲಿನ ಅನೇಕ ಅಕಾಡೆಮಿಗಳು ಪದವಿಯ ನಂತರ ಕೊಡುವ ‘ಮೈಸ್ಟರ್‌ಶ್ಯೂಲರ್’ ಅರ್ಹತೆ ಮಾಸ್ಟರ್ಸ್ ಪದವಿಗೆ ಸಮನಾದದ್ದೇ ಅಲ್ಲವೇ ಎಂಬುದನ್ನು, ಮುಂದೆ ಬೋಧಕರಾಗಬೇಕೆನ್ನುವವರು ತಮ್ಮ ದೇಶದ ನಿಯಮದೊಂದಿಗೆ ಹೋಲಿಸಿ ನೋಡಿಕೊಳ್ಳಬೇಕು.

ಹಳೆಯ ಪಟ್ಟಿಗಳು ದಾರಿ ತಪ್ಪಿಸುವುದು ಹೆಚ್ಚಾಗಿ ಶುಲ್ಕದ ವಿಷಯದಲ್ಲೇ. ನಾರ್ಡಿಕ್ ದೇಶಗಳಲ್ಲಿ ಓದು ಉಚಿತ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸಲು ಆರಂಭಿಸಿವೆ. ಶುಲ್ಕದ ವಿವರವನ್ನು ಶಾಲೆಯ ಅಧಿಕೃತ ಪುಟದಲ್ಲಿ, ತಾನು ಸೇರಲಿರುವ ವರ್ಷಕ್ಕೆ ಅನ್ವಯಿಸುವಂತೆ ನೋಡದೆ ಯಾವ ಲೆಕ್ಕವನ್ನೂ ಹಾಕಬಾರದು.

ಶಾಲೆಯೇ ಕೊಡುವ ನೆರವು

ಅಮೆರಿಕದ ಎಂಎಫ್‌ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಯ ಘೋಷಿತ ಶುಲ್ಕವನ್ನು ನೋಡಿ ಅಲ್ಲಿಗೇ ಕೈಬಿಡುವವರು ಬಹಳ. ಇದು ಆತುರದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ. ಸ್ಟ್ಯಾನ್‌ಫರ್ಡ್ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳ ದೃಶ್ಯಕಲಾ ವಿಭಾಗಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳನ್ನು ಮಾತ್ರ ಸೇರಿಸಿಕೊಂಡು ಅವರ ಶುಲ್ಕವನ್ನೂ ಜೀವನ ಭತ್ಯೆಯನ್ನೂ ನೋಡಿಕೊಳ್ಳುತ್ತವೆ. ಡೇವಿಡ್ ಗೆಫೆನ್ ಅವರ 15 ಕೋಟಿ ಡಾಲರ್ ದೇಣಿಗೆಯ ಬಳಿಕ 2021ರಿಂದ ಯೇಲ್‌ನ ನಾಟಕ ಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲ. ಅದೇ ವಿಶ್ವವಿದ್ಯಾಲಯದ ಸಂಗೀತ ಶಾಲೆಯಲ್ಲಿ ಅದಕ್ಕೂ ಬಹಳ ಮೊದಲೇ ಶುಲ್ಕ ನಿಂತಿತ್ತು. ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆ 1928ರಿಂದಲೂ ಬೋಧನಾ ಶುಲ್ಕ ಪಡೆದಿಲ್ಲ. ಇಂಥ ಕಡೆ ಪ್ರವೇಶವೇ ವಿದ್ಯಾರ್ಥಿವೇತನ. ಪೈಪೋಟಿಯೂ ಅದಕ್ಕೆ ತಕ್ಕಂತೆ ತೀವ್ರ.

ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಸಹಾಯಕರ ಹುದ್ದೆಯ ಮೂಲಕ ನೆರವು ಬರುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಯು ಪದವಿ ತರಗತಿಗಳಿಗೆ ರೇಖಾಚಿತ್ರ, ಛಾಯಾಗ್ರಹಣದಂಥ ಮೂಲಪಾಠಗಳನ್ನು ಕಲಿಸುತ್ತಾನೆ ಅಥವಾ ಕಾರ್ಯಾಗಾರವನ್ನು ನೋಡಿಕೊಳ್ಳುತ್ತಾನೆ. ಅದಕ್ಕೆ ಪ್ರತಿಯಾಗಿ ಶುಲ್ಕ ವಿನಾಯಿತಿಯೂ ತಿಂಗಳ ಭತ್ಯೆಯೂ ಸಿಗುತ್ತವೆ. ಇಂಥ ಅವಕಾಶದ ಬಗ್ಗೆ ವಿಭಾಗಕ್ಕೆ ಪತ್ರ ಬರೆದು ಕೆಲವು ವಿಷಯಗಳನ್ನು ಸ್ಪಷ್ಟವಾಗಿ ಕೇಳಬೇಕು. ಹುದ್ದೆ ಎಲ್ಲರಿಗೂ ಖಚಿತವೇ, ಎರಡನೆಯ ವರ್ಷಕ್ಕೂ ಮುಂದುವರಿಯುತ್ತದೆಯೇ, ವಿನಾಯಿತಿ ಪೂರ್ಣವೇ ಭಾಗಶಃವೇ, ಬೇಸಿಗೆಯ ತಿಂಗಳುಗಳಲ್ಲಿ ಭತ್ಯೆ ಇರುತ್ತದೆಯೇ, ಆರೋಗ್ಯ ವಿಮೆಯನ್ನು ಯಾರು ಕಟ್ಟುತ್ತಾರೆ, ಮೊದಲ ಸೆಮಿಸ್ಟರಿನಲ್ಲೇ ವಿದೇಶಿ ವಿದ್ಯಾರ್ಥಿ ಕಲಿಸಬಹುದೇ, ಅದಕ್ಕೆ ಪ್ರತ್ಯೇಕ ಭಾಷಾ ಪರೀಕ್ಷೆ ಇದೆಯೇ? ಈಗ ಅಲ್ಲಿ ಓದುತ್ತಿರುವ ವಿದ್ಯಾರ್ಥಿಗಳನ್ನು ಸಂಪರ್ಕಿಸಿಕೊಡುವಂತೆ ವಿಭಾಗವನ್ನೇ ಕೋರಬಹುದು. ಕಚೇರಿ ಹೇಳದ ಸಂಗತಿಗಳು ಅವರಿಂದ ತಿಳಿಯುತ್ತವೆ.

ಇನ್ನು ಕೆಲವು ಶಾಲೆಗಳು ಪ್ರತಿಭೆಯನ್ನು ನೋಡಿ ಪ್ರವೇಶ ಕೊಡುತ್ತವೆ, ಆದರೆ ಆರ್ಥಿಕ ಅಗತ್ಯವನ್ನು ನೋಡಿ ನೆರವು ಕೊಡುತ್ತವೆ. ಯೇಲ್‌ನ ದೃಶ್ಯಕಲಾ ಶಾಲೆ ಈ ಬಗೆಯದು. ಅಲ್ಲಿ ನೆರವಿನ ಮೊತ್ತವನ್ನು ನಿರ್ಧರಿಸುವುದು ಪೋರ್ಟ್‌ಫೋಲಿಯೊ ಅಲ್ಲ, ಆದಾಯ ಮತ್ತು ಆಸ್ತಿಯ ದಾಖಲೆಗಳು. ಅವುಗಳ ಅನುವಾದ ಮತ್ತು ದೃಢೀಕರಣಕ್ಕೆ ಸಮಯ ಹಿಡಿಯುವುದರಿಂದ ಪ್ರವೇಶದ ಫಲಿತಾಂಶಕ್ಕಾಗಿ ಕಾಯದೆ ಅವುಗಳನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು. ಬ್ರಿಟನ್ನಿನಲ್ಲಿ ಇನ್ನೊಂದು ರೂಢಿ ಇದೆ: ಅನೇಕ ಶಾಲೆಗಳಲ್ಲಿ ಪ್ರವೇಶ ಪತ್ರ ಕೈಯಲ್ಲಿದ್ದವರು ಮಾತ್ರ ಶಾಲೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪ್ರವೇಶದ ಕೊನೆಯ ದಿನದವರೆಗೆ ಕಾದು ಅರ್ಜಿ ಹಾಕಿದವರಿಗೆ ಪತ್ರ ಬರುವ ಹೊತ್ತಿಗೆ ವೇತನದ ಗಡುವು ಮುಗಿದಿರುತ್ತದೆ.

ಸರ್ಕಾರಿ ಯೋಜನೆಗಳನ್ನು ಓದುವ ರೀತಿ

ಪ್ರತಿಯೊಂದು ಸರ್ಕಾರಿ ಯೋಜನೆಗೂ ತನ್ನದೇ ಆದ ಉದ್ದೇಶವಿರುತ್ತದೆ. ಆ ಉದ್ದೇಶವನ್ನು ಅರಿಯದೆ ಒಂದೇ ಅರ್ಜಿಯನ್ನು ಎಲ್ಲ ಕಡೆಗೂ ಕಳುಹಿಸುವುದರಿಂದ ಪ್ರಯೋಜನವಿಲ್ಲ.

ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿ ಕಲಾವಿದರಿಗಾಗಿಯೇ ಪ್ರತ್ಯೇಕ ಯೋಜನೆಗಳನ್ನು ಇಟ್ಟುಕೊಂಡಿರುವ ಅಪರೂಪದ ಸಂಸ್ಥೆ. ದೃಶ್ಯಕಲೆ, ವಿನ್ಯಾಸ ಮತ್ತು ಚಲನಚಿತ್ರಕ್ಕೆ ಒಂದು, ಸಂಗೀತಕ್ಕೆ ಒಂದು, ರಂಗಭೂಮಿ ಮತ್ತು ನೃತ್ಯಕ್ಕೆ ಇನ್ನೊಂದು ಪ್ರಕಟಣೆ ಇರುತ್ತದೆ. ಆಯ್ಕೆಯಲ್ಲಿ ಕೃತಿಗಳ ಗುಣಮಟ್ಟಕ್ಕೇ ಹೆಚ್ಚಿನ ತೂಕ. ಸಾಮಾನ್ಯವಾಗಿ ಈ ವೇತನ ತಿಂಗಳ ಭತ್ಯೆ, ವಿಮೆ, ಪ್ರಯಾಣಗಳನ್ನು ಒಳಗೊಳ್ಳುತ್ತದೆಯೇ ಹೊರತು ಬೋಧನಾ ಶುಲ್ಕವನ್ನಲ್ಲ. ಆದ್ದರಿಂದ ಶುಲ್ಕವಿಲ್ಲದ ಅಕಾಡೆಮಿಯೊಂದಿಗೆ ಸೇರಿದಾಗಲೇ ಅದು ಪೂರ್ಣ ನೆರವಾಗುತ್ತದೆ. ಶುಲ್ಕದ ಲೆಕ್ಕ ಮೊದಲು ಎಂದು ಹೇಳಿದ್ದು ಇದೇ ಕಾರಣಕ್ಕೆ.

ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಪದವಿಗಳನ್ನು ಕಲಾ ವಿದ್ಯಾರ್ಥಿಗಳು ಗಮನಿಸುವುದು ಕಡಿಮೆ, ಆದರೆ ಉದಾರತೆಯಲ್ಲಿ ಅದಕ್ಕೆ ಸಮನಾದವು ವಿರಳ. ಆಯ್ಕೆಯಾದವರಿಗೆ ಶುಲ್ಕವಿಲ್ಲ, ಗರಿಷ್ಠ 24 ತಿಂಗಳವರೆಗೆ ತಿಂಗಳಿಗೆ 1400 ಯೂರೋ ಸಿಗುತ್ತದೆ, ಓದು ಕನಿಷ್ಠ ಎರಡು ದೇಶಗಳಲ್ಲಿ ನಡೆಯುತ್ತದೆ. ಲಿಸ್ಬನ್, ಬುಡಾಪೆಸ್ಟ್, ಬ್ರಸೆಲ್ಸ್‌ಗಳಲ್ಲಿ ಸಾಕ್ಷ್ಯಚಿತ್ರ ನಿರ್ಮಾಣವನ್ನು ಕಲಿಸುವ ಡಾಕ್‌ನೋಮ್ಯಾಡ್ಸ್, ನೃತ್ಯವನ್ನು ಜ್ಞಾನ ಮತ್ತು ಪರಂಪರೆಯಾಗಿ ಅಧ್ಯಯನ ಮಾಡುವ ಕೊರಿಯೊಮುಂಡಸ್ ಈ ಬಳಗದಲ್ಲಿ ಹೆಸರು ಮಾಡಿದ ಪದವಿಗಳು. ಒಂದೊಂದು ಪದವಿಗೂ ಹಣದ ಮಂಜೂರಾತಿ ಕೆಲವು ವರ್ಷಗಳಿಗೆ ಸೀಮಿತವಾಗಿರುವುದರಿಂದ, ಈ ಸಾಲಿನಲ್ಲಿ ವೇತನ ಇದೆಯೇ ಎಂದು ಆ ಪದವಿಯ ಪುಟದಲ್ಲೇ ಖಚಿತಪಡಿಸಿಕೊಳ್ಳಬೇಕು.

ಜಪಾನಿನ ಶಿಕ್ಷಣ ಸಚಿವಾಲಯ ಕೊಡುವ ಮೆಕ್ಸ್ಟ್ ವಿದ್ಯಾರ್ಥಿವೇತನಕ್ಕೆ ರಾಯಭಾರ ಕಚೇರಿಯ ಮೂಲಕ ಅಥವಾ ಜಪಾನಿನ ವಿಶ್ವವಿದ್ಯಾಲಯದ ಶಿಫಾರಸಿನ ಮೂಲಕ ಹೋಗಬಹುದು. ಸಾಮಾನ್ಯವಾಗಿ ವಿದ್ಯಾರ್ಥಿಯು ಮೊದಲು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿ, ಆಮೇಲೆ ಪ್ರವೇಶ ಪರೀಕ್ಷೆ ಬರೆದು ಮಾಸ್ಟರ್ಸ್‌ಗೆ ಹೋಗುತ್ತಾನೆ. ಇದರ ನಿಯಮಗಳಲ್ಲಿ ಕಲಾವಿದರು ಗಮನಿಸಲೇಬೇಕಾದ ಒಂದು ಸಾಲಿದೆ: ಕಬುಕಿ, ಜಪಾನೀ ಶಾಸ್ತ್ರೀಯ ನೃತ್ಯದಂಥ ಸಾಂಪ್ರದಾಯಿಕ ರಂಗಕಲೆಗಳ ತರಬೇತಿಗೆ ಈ ವೇತನ ಅನ್ವಯಿಸುವುದಿಲ್ಲ. ಆ ಕಲೆಗಳನ್ನೇ ಕಲಿಯಬೇಕೆಂದು ಹೊರಟವರು ಬೇರೆ ದಾರಿಯನ್ನು ನೋಡಬೇಕಾಗುತ್ತದೆ.

1946ರಲ್ಲಿ ಆರಂಭವಾದ ಅಮೆರಿಕದ ಫುಲ್‌ಬ್ರೈಟ್ ಯೋಜನೆಯಲ್ಲಿ ಅರ್ಹತೆ, ವಿಷಯ ಮತ್ತು ಗಡುವು ಅರ್ಜಿದಾರರ ದೇಶಕ್ಕೆ ತಕ್ಕಂತೆ ಬದಲಾಗುತ್ತವೆ. ತನ್ನ ದೇಶದ ಪುಟವನ್ನು ಬಿಟ್ಟು ಬೇರೆಯದನ್ನು ಓದಿ ಫಲವಿಲ್ಲ. ಬ್ರಿಟನ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಮಾಸ್ಟರ್ಸ್‌ಗೆ ಸಿಗುತ್ತದೆ ಮತ್ತು ಎರಡು ವರ್ಷಗಳ ಕೆಲಸದ ಅನುಭವವನ್ನು ಕೇಳುತ್ತದೆ. ನಾಯಕತ್ವ ಎಂಬ ಅದರ ಮಾನದಂಡವನ್ನು ಕಂಡು ಕಲಾವಿದರು ಹಿಂಜರಿಯಬೇಕಾಗಿಲ್ಲ. ಪ್ರದರ್ಶನಗಳನ್ನು ಸಂಘಟಿಸಿದ್ದು, ಮಕ್ಕಳಿಗೆ ಕಲಿಸಿದ್ದು, ಕಲಾವಿದರ ಗುಂಪನ್ನು ಕಟ್ಟಿ ನಡೆಸಿದ್ದು ಇವೆಲ್ಲ ಆ ಮಾನದಂಡಕ್ಕೆ ಒದಗುವ ಸಾಕ್ಷ್ಯಗಳೇ. ಹಂಗೆರಿಯ ಸ್ಟಿಪೆಂಡಿಯಮ್ ಹಂಗೆರಿಕಮ್ ಯೋಜನೆ ಆ ದೇಶದೊಂದಿಗೆ ಒಪ್ಪಂದವಿರುವ ರಾಷ್ಟ್ರಗಳವರಿಗೆ ತೆರೆದಿದೆ. ಸಂಗೀತಗಾರರು ಅದನ್ನು ವಿಶೇಷವಾಗಿ ನೋಡಬೇಕು.

ಪ್ರತಿಷ್ಠಾನಗಳ ಹಣವನ್ನು ನಾನು ಕೊನೆಗೆ ಇಟ್ಟಿರುವುದು ಅದು ಕೀಳೆಂದಲ್ಲ, ಬಹುಪಾಲು ಅದು ಪೂರಕ ಹಣವಾದ್ದರಿಂದ. ಮಾಂಟ್ರಿಯಲ್‌ನ ಎಲಿಜಬೆತ್ ಗ್ರೀನ್‌ಶೀಲ್ಡ್ಸ್ ಪ್ರತಿಷ್ಠಾನ ಯಾವ ದೇಶದವರಿಗಾದರೂ ಅನುದಾನ ಕೊಡುತ್ತದೆ, ಆದರೆ ಚಿತ್ರ, ರೇಖಾಚಿತ್ರ, ಮುದ್ರಣ ಅಥವಾ ಶಿಲ್ಪದಲ್ಲಿ ಆಕೃತಿಪ್ರಧಾನವಾಗಿ ಕೆಲಸ ಮಾಡುವವರಿಗೆ ಮಾತ್ರ; ಅಮೂರ್ತ ಕಲೆಗೆ ಅಲ್ಲಿ ಅವಕಾಶವಿಲ್ಲ. ಅಮೆರಿಕ ಅಥವಾ ಕೆನಡಾದಲ್ಲಿ ಓದುವ ಅನ್ಯದೇಶದ ಮಹಿಳೆಯರಿಗೆ ಪಿಇಒ ಎಂಬ ಮಹಿಳಾ ಸಂಘಟನೆಯ ಅಂತರರಾಷ್ಟ್ರೀಯ ಶಾಂತಿ ವಿದ್ಯಾರ್ಥಿವೇತನವಿದೆ. ಹೊರಗಿನ ಹಣ ಬಂದರೆ ತನ್ನ ನೆರವನ್ನು ಅಷ್ಟರಮಟ್ಟಿಗೆ ಕಡಿತ ಮಾಡುವ ಶಾಲೆಗಳೂ ಇರುವುದರಿಂದ ಎರಡನ್ನೂ ಇಟ್ಟುಕೊಳ್ಳಬಹುದೇ ಎಂದು ಮೊದಲೇ ಕೇಳಬೇಕು. ವೇತನ ಮಂಜೂರು ಮಾಡಲು ಮುಂಗಡ ಹಣ ಕೇಳುವ ಯಾವ ಸಂಸ್ಥೆಯನ್ನೂ ನಂಬಬಾರದು.

ಅರ್ಜಿಗೆ ಎರಡು ಬಗೆಯ ಓದುಗರು

ಅರ್ಜಿಯ ಸಿದ್ಧತೆಯನ್ನು ಓದು ಆರಂಭವಾಗುವ ಒಂದೂವರೆ ವರ್ಷ ಮೊದಲೇ ತೊಡಗಬೇಕು, ಏಕೆಂದರೆ ಅಮೆರಿಕದ ಎಂಎಫ್‌ಎ ಪ್ರವೇಶದ ಗಡುವುಗಳು ಹೆಚ್ಚಾಗಿ ಡಿಸೆಂಬರ್ ಮತ್ತು ಜನವರಿಯಲ್ಲಿ ಬೀಳುತ್ತವೆ, ಸರ್ಕಾರಿ ಯೋಜನೆಗಳ ಗಡುವು ಎಷ್ಟೋ ಸಲ ಅದಕ್ಕಿಂತಲೂ ತಿಂಗಳುಗಳ ಮೊದಲೇ ಮುಗಿಯುತ್ತದೆ.

ಶಾಲೆಯ ಆಯ್ಕೆ ಸಮಿತಿಯಲ್ಲಿರುವವರು ಕಲಾವಿದರು. ಅವರು ಮೊದಲು ಕೃತಿಗಳನ್ನು ನೋಡುತ್ತಾರೆ, ಬಳಿಕ ಬರಹವನ್ನು. ಇಪ್ಪತ್ತು ಚಿತ್ರಗಳಿಗೆ ಅವಕಾಶವಿದೆಯೆಂದು ಹಳೆಯ ತರಗತಿ ಅಭ್ಯಾಸಗಳನ್ನೆಲ್ಲ ತುಂಬಿಸುವುದಕ್ಕಿಂತ, ಒಂದು ಹುಡುಕಾಟದ ಜಾಡನ್ನು ತೋರುವ ಇತ್ತೀಚಿನ ಕೃತಿಗಳನ್ನು ಜೋಡಿಸುವುದು ಮೇಲು. ಸಮ ಬೆಳಕಿನಲ್ಲಿ, ಬಣ್ಣ ಕೆಡದಂತೆ ತೆಗೆದ ಛಾಯಾಚಿತ್ರ, ಅಳತೆ, ಮಾಧ್ಯಮ ಮತ್ತು ವರ್ಷ ಇವಿಷ್ಟೂ ಸರಿಯಾಗಿರಬೇಕು. ಶಿಲ್ಪ ಅಥವಾ ಪ್ರತಿಷ್ಠಾಪನಾ ಕಲೆ (ಇನ್‌ಸ್ಟಲೇಶನ್) ಆದರೆ ಅದು ಜಾಗವನ್ನು ಹೇಗೆ ತುಂಬಿದೆ ಎಂಬುದನ್ನು ತೋರುವ ಚಿತ್ರವೊಂದು ಅಗತ್ಯ.

ಸರ್ಕಾರಿ ಯೋಜನೆಯ ಸಮಿತಿಯಲ್ಲಿ ಅರ್ಥಶಾಸ್ತ್ರಜ್ಞರೂ ರಾಜತಾಂತ್ರಿಕರೂ ವಿಜ್ಞಾನಿಗಳೂ ಇರಬಹುದು. ಕಲಾವಿದನ ಹೇಳಿಕೆಯ ಪರಿಭಾಷೆ ಅವರನ್ನು ತಲುಪುವುದಿಲ್ಲ. ಏನು ಮಾಡುತ್ತೇನೆ, ಅದಕ್ಕೆ ಆ ದೇಶವೇ ಏಕೆ ಬೇಕು, ಮರಳಿ ಬಂದ ಮೇಲೆ ಅದರಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ಅವರಿಗೆ ನೇರ ಮಾತಿನಲ್ಲಿ ಹೇಳಬೇಕು. ‘ನಿಮ್ಮ ದೇಶದ ಶ್ರೀಮಂತ ಕಲಾ ಪರಂಪರೆ’ ಎಂಬಂಥ ಸಾಲು ಯಾರನ್ನೂ ಒಪ್ಪಿಸುವುದಿಲ್ಲ. ಕಲ್ಲಚ್ಚಿನ ಯಂತ್ರಗಳಿರುವ ಇಂಥ ಕಾರ್ಯಾಗಾರ, ಇಂಥ ಪ್ರಾಧ್ಯಾಪಕರು ಎರಕದಲ್ಲಿ ಮಾಡುತ್ತಿರುವ ಪ್ರಯೋಗ, ಇಂಥ ವಸ್ತುಸಂಗ್ರಹಾಲಯದಲ್ಲಿರುವ ಜವಳಿ ಸಂಗ್ರಹ ಎಂದು ಹೆಸರಿಸಿ, ಅದು ತನ್ನ ಕೆಲಸದ ಯಾವ ಕೊರತೆಯನ್ನು ತುಂಬುತ್ತದೆ ಎಂದು ವಿವರಿಸಿದರೆ ಅರ್ಜಿಗೆ ಬಲ ಬರುತ್ತದೆ. ಶಿಫಾರಸು ಬರೆಯುವವರಿಗೂ ತಮ್ಮ ಈ ವ್ಯಾಸಂಗ ಯೋಜನೆಯ ಪ್ರತಿಯನ್ನೂ ಕೃತಿಗಳ ಚಿತ್ರಗಳನ್ನೂ ಮುಂಚಿತವಾಗಿ ಕೊಡಬೇಕು. ಹೆಸರಾಂತರು ಬರೆದ ನಾಲ್ಕು ಔಪಚಾರಿಕ ಸಾಲುಗಳಿಗಿಂತ, ಸ್ಟುಡಿಯೊದಲ್ಲಿ ನಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಬೋಧಕರ ಪತ್ರಕ್ಕೆ ಹೆಚ್ಚು ಬೆಲೆ.

ಮಂಜೂರಾತಿ ಪತ್ರ ಬಂದ ಬಳಿಕ, ಸಹಿ ಹಾಕುವ ಮುನ್ನ ಕೆಲವು ಷರತ್ತುಗಳನ್ನು ಓದಬೇಕು. ಚೀವನಿಂಗ್ ಪಡೆದವರು ಓದಿನ ನಂತರ ಎರಡು ವರ್ಷ ಸ್ವದೇಶದಲ್ಲಿರಬೇಕು. ಫುಲ್‌ಬ್ರೈಟ್‌ನ ವಿನಿಮಯ ವೀಸಾದಲ್ಲೂ ಎರಡು ವರ್ಷಗಳ ಇಂಥದೇ ನಿಬಂಧನೆ ಇದೆ. ಅಮೆರಿಕದಲ್ಲಿ ಶುಲ್ಕಕ್ಕೆ ಹೋಗುವ ಹಣಕ್ಕೆ ತೆರಿಗೆ ಇಲ್ಲವಾದರೂ, ಜೀವನ ವೆಚ್ಚಕ್ಕೆಂದು ಕೊಡುವ ವೇತನದಲ್ಲಿ ತೆರಿಗೆ ಒಪ್ಪಂದದ ರಿಯಾಯಿತಿ ಇಲ್ಲದಿದ್ದರೆ ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ಶೇ 14ರಷ್ಟು ಮುಂಗಡವಾಗಿ ಕಡಿತವಾಗುತ್ತದೆ. ಮೊದಲ ಕಂತು ಯಾವ ದಿನ ಖಾತೆಗೆ ಬರುತ್ತದೆ, ವೀಸಾ ಶುಲ್ಕ ಮತ್ತು ಮನೆಯ ಮುಂಗಡ ಅದರಲ್ಲಿ ಸೇರಿವೆಯೇ, ಸಾಮಗ್ರಿಗಳಿಗೆ ಪ್ರತ್ಯೇಕ ಭತ್ಯೆ ಇದೆಯೇ ಎಂಬುದನ್ನು ಬರಹದಲ್ಲೇ ಕೇಳಿ ತಿಳಿದುಕೊಳ್ಳಬೇಕು. ಕಂಚಿನ ಎರಕಕ್ಕೋ ಚಿತ್ರೀಕರಣಕ್ಕೋ ತಗಲುವ ವೆಚ್ಚ ತಿಂಗಳ ಊಟದ ಖರ್ಚನ್ನು ಮೀರಬಹುದು, ಆದರೆ ಬಹುತೇಕ ಯೋಜನೆಗಳ ಲೆಕ್ಕದಲ್ಲಿ ಆ ಬಾಬ್ತಿಗೆ ಜಾಗವೇ ಇರುವುದಿಲ್ಲ.