ಪಂಪ್ ಸ್ಟೌವ್, ಪೆಟ್ರೋಮ್ಯಾಕ್ಸ್ ಇದ್ದವರ ಬಯಲು ಕೂಟ: ಹೇಗೆ ನಡೆಸುವುದು?

ಗಾಳಿ ಹೊಡೆದು ಉರಿಸುವ ಹಳೆಯ ಸೀಮೆಎಣ್ಣೆ ಪಂಪ್ ಸ್ಟೌವ್, ಪೆಟ್ರೋಮ್ಯಾಕ್ಸ್ ದೀಪ, ಕಂದೀಲು ಹುಡುಕಿ ತಂದು ಜೋಪಾನ ಮಾಡುವವರು ಗಂಗಾವತಿ, ಕೊಪ್ಪಳ, ಸಿಂಧನೂರು ಕಡೆ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಹೆಚ್ಚಿನವರು ಅವನ್ನು ಉಜ್ಜಿ, ಹೊಳಪು ಬರಿಸಿ, ಷೋಕೇಸಿನಲ್ಲಿ ಇಟ್ಟುಬಿಡುತ್ತಾರೆ. ನನಗೆ ಅದು ಸಾಲದು. ಸ್ಟೌವ್ ಇರುವುದು ಉರಿಯಲಿಕ್ಕೆ. ಆದರೆ ಅದನ್ನು ಸರಿಯಾಗಿ ಹಚ್ಚುವುದು, ಬಿಚ್ಚಿ ಜೋಡಿಸುವುದು ಗೊತ್ತಿರುವವರು ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ಆ ಕೈಕೆಲಸವನ್ನು ಪುಸ್ತಕ ಓದಿ ಕಲಿಯೋದು ಕಷ್ಟ. ಬಲ್ಲವರ ಪಕ್ಕ ಕೂತು ನೋಡಬೇಕು. ಹತ್ತು ಜನ ತಮ್ಮ ತಮ್ಮ ಸ್ಟೌವ್, ದೀಪ ತಂದು ಒಂದು ರಾತ್ರಿ ಬಯಲಲ್ಲಿ ಕಳೆದರೆ ಅದು ಆಗುತ್ತದೆ.

ಮೊದಲ ಕರೆ ಯಾರಿಗೆ?

ಸ್ಟೌವ್ ರಿಪೇರಿಯವರಿಗೆ. ಗ್ಯಾಸ್ ಸಿಲಿಂಡರ್ ಮನೆಮನೆಗೆ ಬರುವ ಮುಂಚೆ ಪ್ರತಿ ಪೇಟೆಯಲ್ಲೂ ಒಬ್ಬರು ಪಿನ್ನು, ವಾಷರ್, ನಿಪ್ಪಲ್ (ಎಣ್ಣೆಯ ಆವಿ ಚಿಮ್ಮುವ ಸಣ್ಣ ತೂತಿನ ಬಿಡಿಭಾಗ), ಬೆಸುಗೆ ಕಡ್ಡಿ ಇಟ್ಟುಕೊಂಡು ಕೂರುತ್ತಿದ್ದರು. ಈಗ ಅವರಲ್ಲಿ ಕೆಲವರು ಕೊಡೆ, ಕುಕ್ಕರ್ ರಿಪೇರಿ ಮಾಡುತ್ತಿದ್ದಾರೆ, ಕೆಲವರು ಮನೆಯಲ್ಲಿದ್ದಾರೆ. ಹಳೆ ಪಾತ್ರೆ ಅಂಗಡಿಯಲ್ಲಿ ವಿಚಾರಿಸಿದರೆ ವಿಳಾಸ ಸಿಗುತ್ತದೆ. ಮದುವೆ ಮೆರವಣಿಗೆಗೆ, ಬಯಲಾಟಕ್ಕೆ ಪೆಟ್ರೋಮ್ಯಾಕ್ಸ್ ಬಾಡಿಗೆಗೆ ಕೊಡುತ್ತಿದ್ದವರನ್ನೂ ಹುಡುಕಿ. ಬೆಳಗಿನವರೆಗೆ ನಡೆಯುವ ದೊಡ್ಡಾಟದಲ್ಲಿ ದೀಪ ಮಂಕಾಗದಂತೆ ಆಗಾಗ ಗಾಳಿ ಹೊಡೆದು ಕಾಯ್ದವರು ಅವರೇ. ಅವರಿಗೆ ಹೋಗಿ ಬರುವ ಖರ್ಚು, ಒಂದು ದಿನದ ಪಗಾರ ಮೊದಲೇ ಮಾತಾಡಿ ಕೊಟ್ಟುಬಿಡಿ. ಶಾಲು ಹೊದಿಸಿ ಕಳಿಸುವುದಕ್ಕಿಂತ ಇದು ಮುಖ್ಯ. ಮೊದಲ ಸಲ ಹತ್ತು ಹನ್ನೆರಡು ಜನ ಸಾಕು. ಜಾಸ್ತಿ ಆದರೆ ಬೆಂಕಿಯ ಮೇಲೆ ಕಣ್ಣಿಡುವುದು ಕಷ್ಟ.

ಜಾಗ ಮತ್ತು ದಿನ

ಆನೆಗೊಂದಿ, ಸಾಣಾಪುರ ಅಂದ ಕೂಡಲೇ ಎಲ್ಲರಿಗೂ ಬಂಡೆಗಳ ನಡುವೆ ಟೆಂಟ್ ಹಾಕುವ ಆಸೆ. ಆದರೆ ಆ ಭಾಗದ ಹಲವು ಹಳ್ಳಿಗಳು ಹಂಪಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಸುಮ್ನೆ ಹೋಗಿ ಬೆಂಕಿ ಹಚ್ಚುವ ಹಾಗಿಲ್ಲ. ಹಿರೇಬೆಣಕಲ್ ಬೆಟ್ಟದ ಶಿಲಾಸಮಾಧಿಗಳ ಹತ್ತಿರವಂತೂ ಕಡ್ಡಿ ಕೂಡ ಗೀರಬೇಡಿ. ಗುಡ್ಡಗಳಲ್ಲಿ ಕರಡಿ, ಚಿರತೆಯೂ ಇವೆ.

ಪರಿಚಯದ ರೈತರೊಬ್ಬರ ಹೊಲ ಒಳ್ಳೆಯದು. ಅದರಲ್ಲೂ ಕಣ ಮಾಡಿದ ಜಾಗ ಇದ್ದರೆ ಬೇರೆ ನೋಡಲೇಬೇಡಿ. ನೆಲ ಸಮ, ಗಟ್ಟಿ, ಹುಲ್ಲಿಲ್ಲ. ಆದರೆ ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲು ಆದ ಮೇಲೆ ಹುಲ್ಲಿನ ಬಣವೆ ಎಲ್ಲೆಲ್ಲೂ ಇರುತ್ತದೆ. ಬಣವೆ ಕಾಣುವಷ್ಟು ಹತ್ತಿರ ಇದ್ದರೂ ಗಾಳಿ ಯಾವ ಕಡೆ ಬೀಸುತ್ತದೆ ನೋಡಿ, ಬಣವೆಯ ಕಡೆಯಿಂದ ನಿಮ್ಮ ಕಡೆಗೆ ಗಾಳಿ ಬರುವಂಥ ಜಾಗಕ್ಕೆ ಹೋಗಿ. ಒಂದು ಕಿಡಿಗೆ ರೈತರ ವರ್ಷದ ಮೇವು ಹೋಗುತ್ತದೆ. ಜಮೀನಿನವರ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ತಿಳಿಸಿ.

ಡಿಸೆಂಬರ್, ಜನವರಿ ತಕ್ಕ ಕಾಲ. ಚಳಿ ಹಿತ ಅನ್ನುವುದಷ್ಟೇ ಕಾರಣವಲ್ಲ. ಉಷ್ಣತೆ 35–40 ಡಿಗ್ರಿ ದಾಟಿದರೆ ಸೀಮೆಎಣ್ಣೆಯಿಂದ ಹೊತ್ತಿಕೊಳ್ಳುವಷ್ಟು ಆವಿ ಏಳಬಹುದು. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ನೆರಳಲ್ಲೇ ಅಷ್ಟು ಬಿಸಿಲಿರುತ್ತದೆ. ತಂಪು ಹೊತ್ತಿನಲ್ಲಿ ಚೆಲ್ಲಿದ ಎಣ್ಣೆಗೂ ಏಪ್ರಿಲ್ ಮಧ್ಯಾಹ್ನ ಚೆಲ್ಲಿದ ಎಣ್ಣೆಗೂ ತುಂಬಾ ವ್ಯತ್ಯಾಸ. ಇನ್ನೊಂದು ಮಾತು: ಕತ್ತಲು ಇದ್ದರೆ ದೀಪದ ಚೆಂದ. ಅಮಾವಾಸ್ಯೆ ದಿನ ಪ್ರಯಾಣಕ್ಕೆ ಮನೆಯಲ್ಲಿ ಬೇಡ ಅಂತಾರೆ, ಹಾಗಾಗಿ ಅಮಾವಾಸ್ಯೆ ಕಳೆದ ಮೇಲಿನ ಶನಿವಾರ ಇಟ್ಟುಕೊಳ್ಳಿ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಹದಿನೈದು ದಿನ ಮುಂಚೆಯೇ ಸ್ಟೌವ್ ಬಿಚ್ಚಿ. ಪಂಪಿನ ಕಡ್ಡಿ ಹೊರಗೆ ಎಳೆದರೆ ತುದಿಯಲ್ಲಿ ಬಟ್ಟಲಿನ ಆಕಾರದ ತೊಗಲಿನ ವಾಷರ್ ಇರುತ್ತದೆ. ವರ್ಷಗಟ್ಟಲೆ ಬಿದ್ದಿದ್ದರೆ ಅದು ಒಣಗಿ, ಸುರುಟಿ, ಕೊಳವೆಯ ಗೋಡೆಗೆ ತಾಗುವುದೇ ಇಲ್ಲ. ಎಷ್ಟು ಹೊಡೆದರೂ ಗಾಳಿ ಒಳಗೆ ಹೋಗದಿರುವುದಕ್ಕೆ ಹತ್ತಕ್ಕೆ ಒಂಬತ್ತು ಸಲ ಇದೇ ಕಾರಣ. ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ, ಬೆರಳಲ್ಲಿ ಅಂಚನ್ನು ಮೆಲ್ಲಗೆ ಹೊರಕ್ಕೆ ಅಗಲಿಸಿ. ಶೇಂಗಾ ಎಣ್ಣೆ ಬೇಡ, ಕೆಲವು ದಿನಕ್ಕೆ ಅಂಟಾಗುತ್ತದೆ. ವಾಷರ್ ಸರಿಯಾದ ಮೇಲೂ ಪಂಪಿನ ಹಿಡಿಕೆ ತಾನಾಗೇ ಮೇಲೆ ಬರುತ್ತಿದ್ದರೆ, ಕೊಳವೆಯ ತಳದಲ್ಲಿರುವ ವಾಲ್ವಿನ ಪುಟ್ಟ ರಬ್ಬರ್ ಗುಂಡಿ ಗಟ್ಟಿಯಾಗಿದೆ ಅಂತ ಅರ್ಥ. ಅದನ್ನು ಬದಲಿಸಬೇಕು.

ಆಮೇಲೆ ಸೋರಿಕೆ ಪರೀಕ್ಷೆ. ಎಣ್ಣೆ ಹಾಕದೆ ಖಾಲಿ ಟ್ಯಾಂಕಿಗೆ ಸ್ವಲ್ಪ ಗಾಳಿ ಹೊಡೆದು, ನಿಪ್ಪಲಿನ ತೂತು ಬೆರಳಲ್ಲಿ ಮುಚ್ಚಿ, ಎಲ್ಲ ಬೆಸುಗೆಗೂ ಬರ್ನರ್ ಕೂರುವ ಜಾಗಕ್ಕೂ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ಬರ್ನರ್ ಕೆಳಗಿನ ಸೀಸದ ವಾಷರ್ ಬದಲಿಸಿದರೆ ಸರಿಹೋಗಬಹುದು. ಟ್ಯಾಂಕಿನ ಹಿತ್ತಾಳೆಯೇ ಬಿರುಕು ಬಿಟ್ಟಿದ್ದರೆ ಆ ಸ್ಟೌವನ್ನು ನೋಡಲಿಕ್ಕೆ ಮಾತ್ರ ತನ್ನಿ, ಉರಿಸಬೇಡಿ. ಈ ವಿಷಯದಲ್ಲಿ ಯಾರೂ ಹಟ ಮಾಡಬಾರದು.

ಹೊಳಪಿಗೆ ನಮ್ಮ ಹುಣಸೆಹಣ್ಣು, ಉಪ್ಪು ಸಾಕು. ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ಅಮೋನಿಯಾ ಇರುವ ಪಾಲಿಶ್ ಮಾತ್ರ ದೂರ ಇಡಿ. ಬಿಗಿತದಲ್ಲಿರುವ ಹಳೆ ಹಿತ್ತಾಳೆ ಅಮೋನಿಯಾಕ್ಕೆ ಬಿರುಕು ಬಿಡುತ್ತದೆ.

ಎಣ್ಣೆ ತರುವುದು

ಪಡಿತರದ ನೀಲಿ ಸೀಮೆಎಣ್ಣೆಗೆ ಕೈ ಹಾಕಬೇಡಿ. ಅದು ಬೇರೆಯವರ ಪಾಲು. ಹೊರಗೆ ಮಾರುವ ಬಿಳಿ ಸೀಮೆಎಣ್ಣೆ ತನ್ನಿ. ಅದೇ ಸ್ವಚ್ಛವಾಗಿ ಉರಿಯುತ್ತದೆ. ಒಬ್ಬರೇ ಎಲ್ಲರ ಪರವಾಗಿ ತಂದರೆ ಲೆಕ್ಕವೂ ಸುಲಭ, ಡಬ್ಬಿಗಳ ಸಂಖ್ಯೆಯೂ ಕಡಿಮೆ. ರೈಲಿನಲ್ಲಿ ಸೀಮೆಎಣ್ಣೆ ಒಯ್ಯುವುದು ಅಪರಾಧ. ರೈಲ್ವೆ ಕಾಯ್ದೆ 164ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು. ಬಸ್ಸಿನಲ್ಲೂ ಬೇಡ. ಸ್ವಂತ ಗಾಡಿಯಲ್ಲಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಬನ್ನಿ.

ಸೀಮೆಎಣ್ಣೆ ಸ್ಟೌವಿಗೆ ಪೆಟ್ರೋಲ್ ಹಾಕಲೇಬಾರದು, ಒಂದು ಚಮಚ ಕೂಡ. ಸ್ಫೋಟ ಆಗುತ್ತದೆ. ಸ್ವೀಡನ್ನಿನ ಸ್ವೆಯಾ, ಅಮೆರಿಕದ ಕೋಲ್ಮನ್ ತರಹದ ಪೆಟ್ರೋಲ್ ಸ್ಟೌವ್ ಯಾರಾದರೂ ತಂದರೆ ಅವರ ಸಾಲು ಬೇರೆ, ಅವರ ಡಬ್ಬಿ ಬೇರೆ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿರಲಿ. ಕತ್ತಲಲ್ಲಿ ಎರಡೂ ಒಂದೇ ತರ ಕಾಣುತ್ತವೆ.

ಬೆಳಕಿರುವಾಗಲೇ

ಎಣ್ಣೆ ತುಂಬುವುದು, ಸಾಲು ಹಾಕುವುದು ಸೂರ್ಯ ಮುಳುಗುವ ಮುಂಚೆ ಮುಗಿಯಬೇಕು. ಟ್ಯಾಂಕ್ ಮುಕ್ಕಾಲಿಗಿಂತ ಜಾಸ್ತಿ ಬೇಡ, ಗಾಳಿಗೂ ಜಾಗ ಇರಬೇಕು. ಎಣ್ಣೆ ಡಬ್ಬಿಗಳೆಲ್ಲ ಒಂದು ಕಡೆ, ಉರಿಯುವುದೆಲ್ಲ ಇನ್ನೊಂದು ಕಡೆ, ಟೆಂಟುಗಳು ಎರಡರಿಂದಲೂ ದೂರ. ಎರಡು ಬಕೆಟ್ ಮರಳು, ನಾಲ್ಕು ಒದ್ದೆ ಗೋಣಿಚೀಲ ಕೈಗೆ ಸಿಗುವಂತೆ ಇಡಿ. ಎಣ್ಣೆ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ. ನೀರು ಬೇಕಾಗುವುದು ಸುಟ್ಟ ಗಾಯಕ್ಕೆ: 20 ನಿಮಿಷ ತಣ್ಣೀರು ಹರಿಸಬೇಕು. ಟೂತ್‌ಪೇಸ್ಟ್ ಹಚ್ಚಬಾರದು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡವರು ಬರ್ನರ್ ಹತ್ತಿರ ಬರಬೇಡಿ.

ಹಚ್ಚುವ ಬಗೆ

ಇಲ್ಲಿಂದ ಕೂಟದ ನಿಜವಾದ ಸೊಗಸು. ಮೊದಲು ಟ್ಯಾಂಕಿನ ಗಾಳಿ ತಿರುಪು ಸಡಿಲ ಬಿಡಿ. ಬರ್ನರಿನ ಬುಡದಲ್ಲಿರುವ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿ. ಸ್ಪಿರಿಟ್ ಉರಿ ಹಗಲಲ್ಲಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿಯಲು ಹೋಗಿ ಕೈ ಸುಟ್ಟುಕೊಳ್ಳುವವರೇ ಜಾಸ್ತಿ. ಬಟ್ಟಲು ಪೂರ್ತಿ ತಣ್ಣಗಾಗುವವರೆಗೆ ಬಾಟಲಿ ಹತ್ತಿರ ತರಬೇಡಿ.

ಸ್ಪಿರಿಟ್ ಇನ್ನೇನು ಮುಗಿಯಿತು ಅನ್ನುವಾಗ ತಿರುಪು ಬಿಗಿ ಮಾಡಿ, ನಾಲ್ಕೈದು ಸಲ ಮಾತ್ರ ಪಂಪ್ ಹೊಡೆಯಿರಿ. ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರಿ ಕಾದ ಬರ್ನರಿನಲ್ಲಿ ಆವಿಯಾಗುತ್ತದೆ. ಆ ಆವಿ ನಿಪ್ಪಲಿನ ಕೂದಲೆಳೆಯಷ್ಟು ತೂತಿನಿಂದ ಚಿಮ್ಮಿ, ಹೊರಗಿನ ಗಾಳಿ ಜೊತೆ ಬೆರೆತು ನೀಲಿಯಾಗಿ ಉರಿಯುತ್ತದೆ. ಹಳದಿ ಜ್ವಾಲೆ ಮೇಲೆದ್ದರೆ ಬರ್ನರ್ ಕಾದಿಲ್ಲ, ಎಣ್ಣೆ ಎಣ್ಣೆಯಾಗಿಯೇ ಬರುತ್ತಿದೆ. ತಕ್ಷಣ ತಿರುಪು ಸಡಿಲಿಸಿ ಗಾಳಿ ಬಿಡಿ. ಆರಿಸಿ, ತಣಿಸಿ, ಮೊದಲಿನಿಂದ ಶುರು ಮಾಡಿ. ಹೊಸಬರು ಪಂಪಿಗೆ ಆತುರಪಡುವಾಗ ರಿಪೇರಿಯವರು "ತಡೀರಿ ಸರ, ಇನ್ನಾ ಕಾದಿಲ್ಲ ಅದು" ಅಂತ ಕೈ ಹಿಡಿಯುತ್ತಾರಲ್ಲ, ಅವರಿಗೆ ಅದು ತಿಳಿಯುವುದು ಬರ್ನರಿನ ಬಣ್ಣದಿಂದ, ಸ್ಪಿರಿಟ್ ಉರಿ ಕುಗ್ಗುವ ರೀತಿಯಿಂದ. ಅದನ್ನೇ ಗಮನಿಸಿ ನೋಡಿ.

ಉರಿ ಒಂದು ಕಡೆ ವಾಲಿದರೆ ನಿಪ್ಪಲಿನಲ್ಲಿ ಕಸ ಇದೆ, ಪಿನ್ ಹಾಕಿ. ಗಾಳಿ ಜೋರಿದ್ದರೆ ಮೂರು ಕಡೆ ತಗಡು ನಿಲ್ಲಿಸಿ, ನಾಲ್ಕನೆಯದು ತೆರೆದಿರಲಿ. ಸುತ್ತಲೂ ಮುಚ್ಚಿದರೆ ಟ್ಯಾಂಕ್ ಕಾಯುತ್ತದೆ. ಟ್ಯಾಂಕ್ ಮುಟ್ಟಲಾಗದಷ್ಟು ಬಿಸಿಯಾದರೆ ಆರಿಸಿಬಿಡಿ.

ಪೆಟ್ರೋಮ್ಯಾಕ್ಸ್ ಹೆಚ್ಚುಕಡಿಮೆ ಇದೇ ಕ್ರಮ, ಆದರೆ ಇದರಲ್ಲಿ ಮ್ಯಾಂಟಲ್, ಅಂದರೆ ಬೆಳಕು ಕೊಡುವ ಬಟ್ಟೆಯ ಪುಟ್ಟ ಚೀಲ ಇದೆ. ಹೊಸ ಮ್ಯಾಂಟಲನ್ನು ಕಟ್ಟಿ, ಮಡಿಕೆ ಸರಿಮಾಡಿ, ಉರಿ ತಾಗಿಸಿದರೆ ಬಟ್ಟೆ ಸುಟ್ಟು ಬೂದಿಯ ಬಲೆ ಉಳಿಯುತ್ತದೆ. ಬೆಳಕು ಕೊಡುವುದು ಆ ಬೂದಿಯೇ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ನೂರಕ್ಕೆ 99 ಪಾಲು ಥೋರಿಯಂ, 1 ಪಾಲು ಸೀರಿಯಂ ಆಕ್ಸೈಡ್ ಸೇರಿಸಿ ಈ ಬಿಳಿ ಬೆಳಕು ತಂದರು. ಥೋರಿಯಂಗೆ ಸ್ವಲ್ಪ ವಿಕಿರಣ ಗುಣ ಇದೆ. ಹಳೆ ಮ್ಯಾಂಟಲ್ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆಯಿರಿ. ಸುಟ್ಟ ಮ್ಯಾಂಟಲ್ ದಾರಿಯ ಕುಲುಕಾಟಕ್ಕೆ ಉಳಿಯದು, ಹೊಸದನ್ನೇ ತಂದು ಅಲ್ಲಿಯೇ ಕಟ್ಟಿ.

ಗದ್ದೆ ಬಯಲಲ್ಲಿ ದೀಪಕ್ಕೆ ಹುಳ ಮುತ್ತುತ್ತದೆ. ಅತಿ ಪ್ರಖರವಾದ ಪೆಟ್ರೋಮ್ಯಾಕ್ಸನ್ನು ಅಡುಗೆ ಜಾಗದಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ ಕೋಲಿಗೆ ತೂಗುಹಾಕಿ. ಹುಳ ಎಲ್ಲ ಅಲ್ಲಿಗೆ ಹೋಗುತ್ತವೆ. ಊಟದ ಹತ್ತಿರ ಕಂದೀಲು ಸಾಕು.

ಊಟ, ಮಾತು

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮನೆಯಿಂದಲೇ ಬರಲಿ. ಸ್ಟೌವಿನ ಮೇಲೆ ಚಹಾ, ಒಗ್ಗರಣಿ, ಮಿರ್ಚಿ ಮಾಡಿ. ಆದರೆ ಕುದಿಯುವ ಎಣ್ಣೆಯ ಬಾಣಲೆಗೆ ಅಗಲ ಕಾಲಿನ, ಅಲ್ಲಾಡದ ಸ್ಟೌವ್ ಆರಿಸಿ.

ಊಟ ಆದ ಮೇಲೆ ಪ್ರತಿಯೊಬ್ಬರೂ ತಮ್ಮದರ ಕತೆ ಹೇಳಲಿ. ಇಂಥ ಸ್ಟೌವಿನ ಮೂಲ ಸ್ವೀಡನ್. 1892ರಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್ ಅದು. 1911ರಲ್ಲಿ ನಾರ್ವೆಯ ಅನ್ವೇಷಕ ಅಮುಂಡ್‌ಸೆನ್ ದಕ್ಷಿಣ ಧ್ರುವಕ್ಕೆ ಅದನ್ನೇ ಒಯ್ದರು. ಅದೇ ವರ್ಷದಿಂದ ಪ್ರೈಮಸ್ ಸ್ಟೌವಿನ ಮೇಲೆ ತಯಾರಾದ ವರ್ಷಕ್ಕೆ ಒಂದು ಅಕ್ಷರ ಒತ್ತುವ ರೂಢಿ ಬಂತು. ಕೋಲ್ಮನ್ ಲಾಂದ್ರದ ತಳ ತಿರುಗಿಸಿದರೂ ತಯಾರಾದ ವರ್ಷದ ಅಂಕಿ ಸಿಗುತ್ತದೆ. ಪೆಟ್ರೋಮ್ಯಾಕ್ಸ್ ಜರ್ಮನಿಯದು. ಮಹಾರಾಷ್ಟ್ರದ ಕರಾಡ್ ಹತ್ತಿರದ ಓಗಲೆವಾಡಿಯ ಪ್ರಭಾಕರ ಕಂದೀಲು ಯಾರ ಹತ್ತಿರವಾದರೂ ಇದ್ದರೆ ಅದಕ್ಕೆ ಮೊದಲ ಜಾಗ ಕೊಡಿ. ವಿದೇಶದ ಹೆಸರಿಗೆ ಮರುಳಾಗಿ ನಮ್ಮ ನೆಲದ ತಯಾರಿಕೆಯನ್ನು ಗುಜರಿಗೆ ಹಾಕಿದ್ದೇವೆ ಅಂತ ನನಗೆ ನಿಜಕ್ಕೂ ಬೇಸರವಿದೆ. ಅದಲುಬದಲು, ಮಾರಾಟ ಮಾಡುವವರು ಆ ಸ್ಟೌವ್ ಅಥವಾ ದೀಪವನ್ನು ಉರಿಸಿ ತೋರಿಸಿದ ಮೇಲೆಯೇ ಮಾತಿಗೆ ಕೂರಲಿ. ಅಲಂಕಾರಕ್ಕೆ ಮಾಡಿದ ಹೊಸ ‘ಹಳೆ’ ದೀಪಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಮಲಗುವಾಗ ಟೆಂಟಿನೊಳಗೆ ಯಾವ ಉರಿಯೂ ಬೇಡ, ಸಣ್ಣ ಬುಡ್ಡಿ ಕೂಡ. ಬೆಂಕಿಯ ಭಯ ಒಂದು ಕಡೆ, ವಾಸನೆಯೇ ಇಲ್ಲದ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಕಡೆ. ಉಳಿದ ಅನ್ನ, ತರಕಾರಿ ಸಿಪ್ಪೆ ಹೊರಗೆ ಬಿಡಬೇಡಿ, ಪ್ರಾಣಿಗಳು ಬರುತ್ತವೆ.

ಬೆಳಗ್ಗೆ ಚಹಾ ಆದ ಮೇಲೆ ಎಲ್ಲ ಟ್ಯಾಂಕುಗಳ ಗಾಳಿ ಬಿಟ್ಟು, ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ಹಾಕಿ. ನೆಲಕ್ಕೋ ಕಾಲುವೆಗೋ ಚೆಲ್ಲಬೇಡಿ. ತುಂಗಭದ್ರಾ ಕಾಲುವೆಯ ಆ ನೀರು ಮುಂದೆ ಯಾರದೋ ಗದ್ದೆಗೆ ಹೋಗುತ್ತದೆ. ಕೆಟ್ಟಿರುವ ಪ್ರತಿ ಸ್ಟೌವಿಗೂ ಏನು ಬೇಕು ಅಂತ ಚೀಟಿ ಬರೆದು ಕಟ್ಟಿ: ವಾಷರ್, ನಿಪ್ಪಲ್, ಗಾಜು, ಏನಿದ್ದರೂ. ಆ ಚೀಟಿಗಳ ಒಂದು ಪಟ್ಟಿ ರಿಪೇರಿಯವರ ಕೈಗೆ ಕೊಡಿ, ಸಾಮಾನಿಗೆ ಮುಂಗಡವನ್ನೂ ಕೊಡಿ.