ತಟ್ಟೆಯಲ್ಲಿ ಬೆಳೆಸಿದ ಟಿ-ರೆಗ್ ಕೋಶಗಳು ಕೊನೆಗೂ ನಿಂತವು: ನನ್ನ ಅನುಭವ

ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ಟಿ-ರೆಗ್ ಕೋಶಗಳನ್ನು ತಟ್ಟೆಯಲ್ಲಿ ತಯಾರಿಸಿದರೆ ಅವು ನಿಲ್ಲುವುದಿಲ್ಲ, ಅಂದರೆ ತಮ್ಮ ಗುಣ ಉಳಿಸಿಕೊಳ್ಳುವುದಿಲ್ಲ ಎಂಬುದು ನಮ್ಮ ಪ್ರಯೋಗಾಲಯದಲ್ಲಿ ಇತ್ಯರ್ಥವಾಗಿದ್ದ ವಿಚಾರ. ಇಲಿಯ ಗುಲ್ಮದಿಂದ ಬೇರ್ಪಡಿಸಿದ ನೈವ್ (ಇನ್ನೂ ಪ್ರಚೋದನೆ ಕಾಣದ) ಸಿಡಿ4 ಟಿ ಕೋಶಗಳಿಗೆ ಟಿಜಿಎಫ್-ಬೀಟಾ ಮತ್ತು ಐಎಲ್-2 ಎಂಬ ಸಂಕೇತ ಪ್ರೋಟೀನುಗಳನ್ನು ಕೊಟ್ಟರೆ ನಾಲ್ಕನೆಯ ದಿನ ಶೇ. 80ರಷ್ಟು ಕೋಶಗಳಲ್ಲಿ ಟಿ-ರೆಗ್‌ನ ಗುರುತಾದ ಫಾಕ್ಸ್‌ಪಿ3 ಪ್ರೋಟೀನು ಕಾಣುತ್ತಿತ್ತು. ಟಿಜಿಎಫ್-ಬೀಟಾ ತೆಗೆದು ಮತ್ತೆ ಪ್ರಚೋದಿಸಿದರೆ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿನ ಪರದೆಯಲ್ಲಿ ಬಲಗಡೆಯ (ಫಾಕ್ಸ್‌ಪಿ3 ಇರುವ) ಚುಕ್ಕೆಗಳ ಗುಂಪು ಮೂರೇ ದಿನಗಳಲ್ಲಿ ಎಡಕ್ಕೆ ಸರಿದು, ಶೇ. 20 ಉಳಿದರೆ ಅದೇ ಹೆಚ್ಚು. ಕಾರಣ, ಕೋಶ ಒಡೆದು ಎರಡಾದ ಮೇಲೂ ಫಾಕ್ಸ್‌ಪಿ3 ಜೀನನ್ನು ಚಾಲನೆಯಲ್ಲಿಡುವ ಸಿಎನ್‌ಎಸ್2 ಎಂಬ ಡಿಎನ್‌ಎ ಭಾಗವನ್ನು ಮುಚ್ಚಿಡುವ ಮಿಥೈಲ್ ಗುರುತುಗಳು ಅಳಿದಿರಲಿಲ್ಲ.

ವಿಟಮಿನ್ ಸಿ ಟೆಟ್ ಕಿಣ್ವಗಳಿಗೆ ನೆರವಾಗಿ ಆ ಗುರುತುಗಳನ್ನು ಅಳಿಸುತ್ತದೆ ಎಂಬುದು 2016ರ ಹೊತ್ತಿಗೇ ಪ್ರಕಟವಾಗಿತ್ತು. ಅದನ್ನೇ ಪ್ರಯತ್ನಿಸುತ್ತೇನೆ ಎಂದಾಗ, ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುವಾಗ ಅದಕ್ಕೇಕೆ ನಿಂಬೆಹಣ್ಣಿನ ಮದ್ದು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ತಯಾರಿಸುವುದು ಇಲಿಯ ಯಕೃತ್ತು, ತಟ್ಟೆಯಲ್ಲಿರುವ ಟಿ ಕೋಶವಲ್ಲ. ಕೋಶಗಳನ್ನು ಬೆಳೆಸುವ ಆರ್‌ಪಿಎಂಐ ಪೋಷಕ ದ್ರಾವಣದಲ್ಲಂತೂ ಅದು ಇಲ್ಲವೇ ಇಲ್ಲ ಎಂದೆ. ಅವರು ಒಪ್ಪಲಿಲ್ಲ.

ಮೊದಲ ಆರು ತಿಂಗಳು ಅವರ ಮಾತೇ ನಿಜವಾಯಿತು. ಸಾದಾ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಇನ್‌ಕ್ಯುಬೇಟರಿನಲ್ಲಿ ಒಂದು ದಿನವೂ ಬಾಳಲಿಲ್ಲ. ಸುಮಾರು ನಲವತ್ತು ಸಾವಿರ ರೂಪಾಯಿಯ ಟಿಜಿಎಫ್-ಬೀಟಾ ವಯಲನ್ನು ಬಿಎಸ್‌ಎ (ಅಂಟದಂತೆ ತಡೆಯುವ ಪ್ರೋಟೀನು) ಇಲ್ಲದ ದ್ರಾವಣದಲ್ಲಿ ಕರಗಿಸಿ, ಸರಕೆಲ್ಲ ಟ್ಯೂಬಿನ ಗೋಡೆಗೇ ಅಂಟಿಕೊಳ್ಳುವಂತೆ ಮಾಡಿದವನೂ ನಾನೇ. ಅದಕ್ಕಿಂತ ನಾಚಿಕೆಗೇಡಿನ ಸಂಗತಿಯೆಂದರೆ, ಹೋಲಿಕೆಗೆಂದು ಇಟ್ಟ ಇಲಿಯ ದೇಹದಲ್ಲೇ ರೂಪುಗೊಂಡ ಸಹಜ ಟಿ-ರೆಗ್‌ಗಳಲ್ಲೂ ಸಿಎನ್‌ಎಸ್2 ಮಿಥೈಲೀಕರಣ ಶೇ. 50ರ ಸುತ್ತ ಬರುತ್ತಿದ್ದುದಕ್ಕೆ ಮಿಥೈಲ್ ಅಳೆಯಲು ಬಳಸುವ ಬೈಸಲ್ಫೈಟ್ ಕಿಟ್ಟನ್ನು ದೂರಿ, ಎರಡು ಬಾರಿ ಹೊಸದನ್ನು ತರಿಸಿದೆ. 2001ರಲ್ಲಿ ಬ್ರಂಕೊವ್, ರ‍್ಯಾಮ್ಸ್‌ಡೆಲ್ ಮತ್ತಿತರರು ಸ್ಕರ್ಫಿ ಎಂಬ ರೋಗಗ್ರಸ್ತ ಇಲಿ ತಳಿಯ ದೋಷವನ್ನು ಎಕ್ಸ್ ವರ್ಣತಂತುವಿನ ಫಾಕ್ಸ್‌ಪಿ3 ಜೀನಿನಲ್ಲಿ ಗುರುತಿಸಿದ್ದನ್ನು ವರ್ಷವರ್ಷವೂ ಪಾಠ ಹೇಳುವ ನಾನು, ಹೆಣ್ಣಿಲಿಗಳನ್ನು ಬಳಸುತ್ತಿದ್ದೆ! ಹೆಣ್ಣಿನ ಎರಡು ಎಕ್ಸ್‌ಗಳಲ್ಲಿ ನಿಷ್ಕ್ರಿಯವಾದದ್ದು ತನ್ನ ಮಿಥೈಲ್ ಬಿಟ್ಟುಕೊಡುವುದಿಲ್ಲ. ಗಂಡಿಲಿಗಳಿಗೆ ಬದಲಾದೊಡನೆ ಅಂಕಿ ಶೇ. 10ಕ್ಕಿಂತ ಕೆಳಗಿಳಿಯಿತು.

ನಡುವೆ ವಿಟಮಿನ್ ಎಯಿಂದ ಬರುವ, ಬೆಳಕಿಗೆ ಕೆಡುವ ರೆಟಿನಾಯಿಕ್ ಆಮ್ಲವನ್ನೂ, ದೀಪ ಆರಿಸಿಕೊಂಡು, ಹಾಕಿ ನೋಡಿದೆ. ಫಾಕ್ಸ್‌ಪಿ3 ಶೇ. 90 ದಾಟಿತು, ಸಿಎನ್‌ಎಸ್2ರ ಮಿಥೈಲ್ ಮಾತ್ರ ಅಲ್ಲಾಡಲಿಲ್ಲ.

ಕೊನೆಗೆ ಕೈಹಿಡಿದದ್ದು ವಿಟಮಿನ್ ಸಿಯ ಬೇಗ ಕೆಡದ ರೂಪವಾದ ಆಸ್ಕಾರ್ಬೇಟ್ ಫಾಸ್ಫೇಟ್. ಆರೇಳು ಸಾವಿರದ ಒಂದು ಬಾಟಲಿ ಎರಡು ವರ್ಷವಾದರೂ ಮುಗಿದಿಲ್ಲ. ಸಿಎನ್‌ಎಸ್2 ಮಿಥೈಲೀಕರಣ ಶೇ. 90ರಿಂದ 35-40ಕ್ಕೆ ಇಳಿಯಿತು, ಮರುಪ್ರಚೋದನೆಯ ನಂತರವೂ ಶೇ. 60ರಷ್ಟು ಕೋಶಗಳು ಫಾಕ್ಸ್‌ಪಿ3 ಉಳಿಸಿಕೊಂಡವು. ಅದನ್ನು ಯಾವ ಗಂಟೆಯಲ್ಲಿ, ಎಷ್ಟು ಕಂತುಗಳಲ್ಲಿ ಸೇರಿಸಬೇಕೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈಗ ಮನುಷ್ಯರ ರಕ್ತದ ಕೋಶಗಳಿಗೆ ಕೈಹಾಕಿದ್ದೇನೆ. ಅಲ್ಲಿ ಪ್ರಚೋದಿತವಾದ ಸಾಮಾನ್ಯ ಟಿ ಕೋಶವೂ ಒಂದೆರಡು ದಿನ ಫಾಕ್ಸ್‌ಪಿ3 ತೋರಿಸುವುದರಿಂದ, ಮೊದಲು ಸಿಎನ್‌ಎಸ್2 ನೋಡಿ ಆಮೇಲೆ ಫ್ಲೋ ಪರದೆಯತ್ತ ತಿರುಗುತ್ತೇನೆ.